ಊತ ಇಳಿದು ಮೂರು ತಿಂಗಳಾಯ್ತು, ಅಮ್ಮನ ನೋವು ಯಾಕೆ ಇಳಿದಿಲ್ಲ?

@ಹೇಮಾವತಿದಂಡೆ · ಶುಕ್ರವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ನಮ್ಮಮ್ಮನಿಗೆ 58 ವರ್ಷ. ಹಾಸನದ ಹತ್ತಿರ ಹಳ್ಳಿ. ಮಳೆಗಾಲದಲ್ಲಿ ಚಿಕುನ್‌ಗುನ್ಯಾ ಬಂತು. ಜ್ವರ ನಾಲ್ಕೇ ದಿನಕ್ಕೆ ಬಿಟ್ಟಿತು. ಆದರೆ ಮಣಿಕಟ್ಟು, ಪಾದದ ಗಿಣ್ಣು ಬನ್ನಿನ ಹಾಗೆ ಊದಿಕೊಂಡವು. ಎರಡು ತಿಂಗಳಲ್ಲಿ ಆ ಊತವೂ ಇಳಿಯಿತು. ಈಗ ನೋಡಿದರೆ ಕಾಲು ಮಾಮೂಲಿ ಕಾಲೇ. ಬಿಸಿ ಇಲ್ಲ, ಕೆಂಪು ಇಲ್ಲ. ಉರಿಯೂತ ಇದೆಯಾ ಅಂತ ನೋಡುವ ರಕ್ತಪರೀಕ್ಷೆಗಳು, ಇಎಸ್‌ಆರ್, ಸಿಆರ್‌ಪಿ, ಎರಡೂ ನಾರ್ಮಲ್.

ನೋವು ಮಾತ್ರ ಹಾಗೇ ಇದೆ. ಅದೂ ವಿಚಿತ್ರವಾದ ನೋವು. ನಡೆಯುವಾಗ ಸೀರೆಯ ಅಂಚು ಗಿಣ್ಣಿಗೆ ಸವರಿದರೆ ಸಾಕು, ಬೆಂಕಿ ತಾಗಿದ ಹಾಗೆ ಕಾಲು ಎಳೆದುಕೊಳ್ಳುತ್ತಾಳೆ. ಮನೆಯಲ್ಲಿ ಸೀರೆಯನ್ನು ಒಂದು ಗೇಣು ಮೇಲಕ್ಕೆ ಸಿಕ್ಕಿಸಿಕೊಂಡೇ ಓಡಾಡುತ್ತಾಳೆ. ರಾತ್ರಿ ಹೊದಿಕೆ ಕಾಲ ಮೇಲೆ ಬೀಳಬಾರದು. ಇನ್ನೊಂದು ವಿಷಯ. ಊದಿದ್ದು ಗಿಣ್ಣು. ಈಗ ನೋಯುವುದು ಮೀನಖಂಡದ ಅರ್ಧದವರೆಗೆ!

ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಹೆಸರು ಬೇಡ. "ರಿಪೋರ್ಟ್‌ನಲ್ಲಿ ಏನೂ ಇಲ್ಲ. ವಯಸ್ಸಾಯ್ತಲ್ಲ, ಅದನ್ನೇ ಯೋಚನೆ ಮಾಡ್ತಾ ಕೂರಬೇಡಿ" ಅಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಅಮ್ಮ ಕೇಳಿದಳು: "ನಂಗೇನ್ ತಲೆ ಕೆಟ್ಟಿದ್ಯೇನೇ?" ಅವತ್ತಿನಿಂದ ನೋವಿನ ಮಾತೇ ಎತ್ತಿಲ್ಲ.

ಉರಿಯೂತದಿಂದ ಬೆನ್ನುಹುರಿಯಲ್ಲಿ ಏನೋ ಬದಲಾಗುತ್ತದೆ ಅಂತ ಎಲ್ಲೋ ಓದಿದ್ದೆ. ಅದು ನಿಜಾನಾ? ಕಾಲಿನ ರೋಗಕ್ಕೂ ಬೆನ್ನುಹುರಿಗೂ ಏನು ಸಂಬಂಧ?

@ಗೌಡರಮನೆ · ಶುಕ್ರವಾರ ರಾತ್ರಿ

ಅಮೃತಬಳ್ಳಿ ಕಷಾಯ ಕೊಡ್ತಾ ಬನ್ನಿ ತಂಗಿ. 2006ರಲ್ಲಿ ಇದು ಬಂದಾಗ ನಮ್ಮೂರಲ್ಲಿ ಮನೆಗೊಬ್ಬರು ಮಲಗಿದ್ದರು. ಹೆಸರು ಕೇಳಿ ಅರ್ಧ ಊರು ಕೋಳಿ ತಿನ್ನೋದು ಬಿಟ್ಟಿತ್ತು, ಸುಮ್ನೆ. ನಮ್ಮ ತಾಯಿ ಒಂದು ವರ್ಷ ಗೋಡೆ ಹಿಡ್ಕೊಂಡೇ ನಡೆದರು.

@ಅರಿವಳಿಕೆ · ಶನಿವಾರ ಬೆಳಿಗ್ಗೆ

ಗೌಡ್ರೆ, ಕೋಳಿ ಪಾಪ ಏನೂ ಮಾಡಿಲ್ಲ. ಆ ಹೆಸರು ಬಂದಿದ್ದು ಆಫ್ರಿಕಾದ ಮಕೊಂಡೆ ಭಾಷೆಯಿಂದ. 1952ರಲ್ಲಿ ಈಗಿನ ತಾಂಜಾನಿಯಾದಲ್ಲಿ ರೋಗ ಗುರುತಿಸಿದಾಗ, ನೋವಿಗೆ ಮುದುಡಿ ಬಗ್ಗಿಹೋಗುವುದು ಎಂಬ ಅರ್ಥದಲ್ಲಿ ಅಲ್ಲಿನ ಜನ ಹಾಗೆ ಕರೆದರು.

@ಹೇಮಾವತಿದಂಡೆ ಅವರೇ, ನಾನು ಅರಿವಳಿಕೆ ವೈದ್ಯ. ವಾರಕ್ಕೆ ಎರಡು ದಿನ ನೋವಿನ ಕ್ಲಿನಿಕ್‌ನಲ್ಲಿ ಕೂರುತ್ತೇನೆ. ಮೊದಲು ಅಮ್ಮನಿಗೆ ಹೇಳಿ, ಅವರ ತಲೆ ಸರಿಯಾಗೇ ಇದೆ. ಸೀರೆ ಅಂಚಿನ ಕಥೆ ನನ್ನ ಮುಂದೆ ತಿಂಗಳಿಗೆ ನಾಲ್ಕು ಜನ ಹೇಳುತ್ತಾರೆ. ಕೆಲವರದು ಸೀರೆ, ಕೆಲವರದು ಸಾಕ್ಸು, ಒಬ್ಬರಿಗೆ ಫ್ಯಾನ್ ಗಾಳಿ.

ನೋವು ಅಂದರೆ ಕರೆಂಟ್ ವೈರಿನ ಹಾಗೆ ಅಂತ ಎಲ್ಲರೂ ಅಂದುಕೊಂಡಿರುತ್ತೇವೆ. ಗಿಣ್ಣಿನಲ್ಲಿ ಸ್ವಿಚ್, ತಲೆಯಲ್ಲಿ ಬಲ್ಬು. ಹಾಗಿಲ್ಲ. ಕಾಲಿನಿಂದ ಹೊರಟ ನರ ಬೆನ್ನುಹುರಿಯ ಹಿಂಭಾಗದಲ್ಲಿ ಮುಗಿದುಹೋಗುತ್ತದೆ. ಅಲ್ಲಿಂದ ಮುಂದಕ್ಕೆ ಒಯ್ಯುವುದು ಬೇರೆ ನರಕೋಶ. ಎರಡರ ನಡುವೆ ಒಂದು ಸಂದು. ಮೊದಲನೆಯದು ಗ್ಲುಟಮೇಟ್ ಎಂಬ ರಾಸಾಯನಿಕ ಬಿಡುತ್ತದೆ. ಎರಡನೆಯದರ ಮೈಮೇಲಿನ ಗ್ರಾಹಕಗಳು, ಅಂದರೆ ರಿಸೆಪ್ಟರ್‌ಗಳು, ಅದನ್ನು ಹಿಡಿದುಕೊಳ್ಳುತ್ತವೆ. ಹಿಡಿಯುವ ಕೈ ಜಾಸ್ತಿಯಾದರೆ ಅದೇ ಸುದ್ದಿ ಮೇಲೆ ದೊಡ್ಡದಾಗಿ ಹೋಗುತ್ತದೆ.

1983ರಲ್ಲಿ ಲಂಡನ್ನಿನಲ್ಲಿ ಕ್ಲಿಫರ್ಡ್ ವುಲ್ಫ್ ಎಂಬ ವಿಜ್ಞಾನಿ ಇಲಿಗಳಲ್ಲಿ ಇದನ್ನು ತೋರಿಸಿದರು. ಇಲಿಯ ಪಾದಕ್ಕೆ ಸಣ್ಣ ಸುಟ್ಟಗಾಯ. ಆಮೇಲೆ ಮೊದಲಿಗಿಂತ ಮೆತ್ತಗೆ ಮುಟ್ಟಿದರೂ ಬೆನ್ನುಹುರಿಯ ನರಕೋಶಗಳು ಜೋರಾಗಿ ಕೂಗಿದವು. ಗಾಯವೇ ಇಲ್ಲದ ಜಾಗ ಮುಟ್ಟಿದರೂ ಕೂಗಿದವು. ಗಾಯವಾದ ಜಾಗವನ್ನು ಅರಿವಳಿಕೆ ಕೊಟ್ಟು ಮರಗಟ್ಟಿಸಿದ ಮೇಲೂ ಆ ಬದಲಾವಣೆ ಪೂರ್ತಿ ಹೋಗಲಿಲ್ಲ. ಅಂದರೆ ಒಂದು ಭಾಗ ಬೆನ್ನುಹುರಿಯೊಳಗೇ ಕೂತಿತ್ತು. ನಿಮ್ಮಮ್ಮನ ನೋವು ಗಿಣ್ಣು ಬಿಟ್ಟು ಮೀನಖಂಡಕ್ಕೆ ಹತ್ತಿದೆ ಅಂದಿರಲ್ಲ, ಅದನ್ನು ಓದಿದ ತಕ್ಷಣ ನನಗೆ ನೆನಪಾಗಿದ್ದು ಈ ಇಲಿಗಳೇ.

@ಜೀವಶಾಸ್ತ್ರದಮೇಷ್ಟ್ರು · ಶನಿವಾರ ಬೆಳಿಗ್ಗೆ

ಡಾಕ್ಟ್ರೆ, ಒಂದು ಸಂಶಯ. ಗ್ರಾಹಕ ಬೀಗ, ರಾಸಾಯನಿಕ ಬೀಗದಕೈ ಅಂತ ಮಕ್ಕಳಿಗೆ ಹೇಳಿಕೊಡ್ತೀನಿ. ಬೀಗದಕೈ ಜಾಸ್ತಿ ಬರಬಹುದು. ಬೀಗವೇ ಬದಲಾಗುವುದು ಹೇಗೆ?

@ಅರಿವಳಿಕೆ · ಶನಿವಾರ ಮಧ್ಯಾಹ್ನ

ಒಳ್ಳೆ ಪ್ರಶ್ನೆ ಮೇಷ್ಟ್ರೆ. ಬೀಗದ ಹೋಲಿಕೆಯಲ್ಲಿ ಇರುವ ತೊಂದರೆಯೇ ಅದು, ಬೀಗ ಬಾಗಿಲಿಗೆ ಕಚ್ಚಿಕೊಂಡಿರುತ್ತದೆ. ಗ್ರಾಹಕ ಹಾಗಲ್ಲ. ಅಂಗಡಿ ಸಾಮಾನು ಗೋದಾಮಿಗೂ ಮುಂಗಟ್ಟಿಗೂ ಓಡಾಡುವ ಹಾಗೆ ಅವು ನರಕೋಶದ ಒಳಗೂ ಹೊರಮೈಗೂ ಓಡಾಡುತ್ತಿರುತ್ತವೆ.

ಆಂಪಾ ಅಂತ ಒಂದು ಗ್ರಾಹಕ ಇದೆ. ಗ್ಲುಟಮೇಟ್ ಬಂದ ತಕ್ಷಣ ತೆರೆದುಕೊಳ್ಳುವುದು ಇದೇ. ನಾಲ್ಕು ತುಂಡು ಸೇರಿ ಒಂದು ಆಂಪಾ. ಅದರಲ್ಲಿ ಗ್ಲೂ-ಎ2 ಎಂಬ ತುಂಡು ಇದ್ದರೆ ಸೋಡಿಯಂ ಮಾತ್ರ ಒಳಗೆ ಬರುತ್ತದೆ, ಕ್ಯಾಲ್ಸಿಯಂಗೆ ಪ್ರವೇಶ ಇಲ್ಲ. ಇಲಿಯ ಪಾದಕ್ಕೆ ಉರಿಯೂತ ಬರಿಸಿ ಒಂದು ದಿನ ಬಿಟ್ಟು ನೋಡಿದರೆ ಬೆನ್ನುಹುರಿಯಲ್ಲಿ ಏನಾಗಿರುತ್ತದೆ ಗೊತ್ತಾ? ಗ್ಲೂ-ಎ2 ಇರುವವು ಗೋದಾಮಿಗೆ ಹೋಗಿರುತ್ತವೆ. ಗ್ಲೂ-ಎ1 ಇರುವವು ಮುಂಗಟ್ಟಿಗೆ ಬಂದಿರುತ್ತವೆ. ಕ್ಯಾಲ್ಸಿಯಂ ತಡೆಯುವ ಕಾವಲುಗಾರನನ್ನೇ ಎತ್ತಂಗಡಿ ಮಾಡಿದ ಹಾಗೆ.

ಇನ್ನೊಂದು ಗ್ರಾಹಕ ಎನ್‌ಎಂಡಿಎ. ಕೆರೆ ತೂಬು ನೋಡಿದ್ದೀರಲ್ಲ, ಅದಕ್ಕೊಂದು ಬಿರಡೆ ಇರುತ್ತದೆ. ಎನ್‌ಎಂಡಿಎ ಬಾಯಿಗೂ ಹಾಗೇ ಮೆಗ್ನೀಸಿಯಂನ ಬಿರಡೆ. ಸಣ್ಣಪುಟ್ಟ ಸುದ್ದಿಗೆ ಅದು ಜಗ್ಗುವುದಿಲ್ಲ. ಉರಿಯೂತ ಇದ್ದಾಗ ಸಣ್ಣ ನರಗಳು ಗ್ಲುಟಮೇಟ್ ಜೊತೆ ಸಬ್‌ಸ್ಟೆನ್ಸ್ ಪಿ ಅಂತ ಇನ್ನೊಂದನ್ನೂ ಸುರಿಯುತ್ತವೆ. ಅದು ನರಕೋಶವನ್ನು ಬಹಳ ಹೊತ್ತು ಎಚ್ಚರವಾಗಿ ಇಡುತ್ತದೆ, ಬಿರಡೆ ಹಾರುತ್ತದೆ. ಸಾಲದ್ದಕ್ಕೆ ಎನ್‌ಎಂಡಿಎಯ 2ಬಿ ತುಂಡಿಗೆ ಕಿಣ್ವಗಳು ರಂಜಕದ, ಅಂದರೆ ಫಾಸ್ಫೇಟಿನ, ಅಂಟು ಹಚ್ಚುತ್ತವೆ. ಆಮೇಲೆ ತೂಬು ಇನ್ನೂ ಸಲೀಸು. ಕ್ಯಾಲ್ಸಿಯಂ ನುಗ್ಗುತ್ತದೆ, ಅದು ಇನ್ನಷ್ಟು ಕಿಣ್ವಗಳನ್ನು ಎಬ್ಬಿಸುತ್ತದೆ, ಆ ಕಿಣ್ವಗಳು ಇನ್ನಷ್ಟು ಗ್ರಾಹಕಗಳನ್ನು ಮುಂಗಟ್ಟಿಗೆ ತರುತ್ತವೆ. ಕೆಟ್ಟ ಚಕ್ರ.

ಇದನ್ನು ಅಳೆಯಲೂ ಆಗುತ್ತದೆ. ಚೂಪು ಕಡ್ಡಿಯಲ್ಲಿ ಸೆಕೆಂಡಿಗೊಮ್ಮೆ ಹತ್ತು ಸಲ ಒಂದೇ ಜೋರಿನಲ್ಲಿ ಚುಚ್ಚುತ್ತೇನೆ. ಹತ್ತನೆಯದು ಮೊದಲನೆಯದಕ್ಕಿಂತ ಸ್ವಲ್ಪ ಜಾಸ್ತಿ ಅನ್ನಿಸುವುದು ಎಲ್ಲರಿಗೂ ಸಹಜ. ಕೆಲವರು ಆರನೆಯದಕ್ಕೇ ನನ್ನ ಕೈ ಹಿಡಿದುಕೊಳ್ಳುತ್ತಾರೆ.

@ಇಲಿಬೋನು · ಶನಿವಾರ ಸಂಜೆ

ಡಾಕ್ಟರ್ ಆಕ್ಸಿಲರೇಟರ್ ಬಗ್ಗೆ ಹೇಳಿದರು. ನಾನು ಬ್ರೇಕ್ ಬಗ್ಗೆ ಹೇಳುತ್ತೇನೆ, ನನ್ನ ಹೊಟ್ಟೆಪಾಡೇ ಅದು. ಜರ್ಮನಿಯಲ್ಲಿ ಲ್ಯಾಬ್‌ನಲ್ಲಿ ಇದ್ದೀನಿ, ಊರು ಶಿರಸಿ.

ನಾವು ಇಲಿಯ ಬೆನ್ನುಹುರಿಯನ್ನು ಅಡ್ಡಡ್ಡ ತೆಳ್ಳಗೆ ಕತ್ತರಿಸುತ್ತೇವೆ. ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ದಪ್ಪ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಡುವೆ ಬೂದುಬಣ್ಣದ ಚಿಟ್ಟೆ. ಆ ಚಿಟ್ಟೆಯ ಹಿಂದಿನ ರೆಕ್ಕೆಗಳ ತುದಿಯಲ್ಲಿ ಒಂದು ಪಟ್ಟಿ ಮಾತ್ರ ಬೇರೆಯಾಗಿ ಕಾಣುತ್ತದೆ. ತಾಳೆಹಣ್ಣಿನ ತಿರುಳಿನ ಹಾಗೆ, ಬೆಳಕು ಹಾಯುವಷ್ಟು ಪಾರಕ. ಅದು ಎರಡನೇ ಪದರ. ನೋವಿನ ಸಣ್ಣ ನರಗಳು ಬಂದು ಮುಗಿಯುವುದು ಅಲ್ಲಿ ಮತ್ತು ಅದರ ಮೇಲಿನ ಪದರದಲ್ಲಿ. ಕೂದಲಿಗಿಂತ ಸಪೂರವಾದ ಗಾಜಿನ ಕೊಳವೆಯನ್ನು ಅಲ್ಲಿನ ಒಂದೇ ಒಂದು ಕೋಶಕ್ಕೆ ಅಂಟಿಸಿ ಅದರ ಕರೆಂಟ್ ಅಳೆಯುತ್ತಾ ಕೂರುವುದು ನನ್ನ ಕೆಲಸ. ಬೆಳಿಗ್ಗೆ ಒಂಬತ್ತಕ್ಕೆ ಕೂತರೆ ಸಂಜೆಗೆ ಮೂರು ಕೋಶ ಸಿಕ್ಕರೆ ಹಬ್ಬ.

ಆ ಪದರದಲ್ಲಿ ಸುಮ್ಮನಿರಿಸುವ ಕೋಶಗಳೂ ಬೇಕಾದಷ್ಟಿವೆ. ಅವು ಬಿಡುವುದು ಗ್ಲೈಸಿನ್ ಮತ್ತು ಗಾಬಾ. ಗ್ಲೈಸಿನ್ ಗ್ರಾಹಕ ತೆರೆದರೆ ಕ್ಲೋರೈಡ್ ಒಳಗೆ ಬರುತ್ತದೆ, ಕೋಶ ತಣ್ಣಗಾಗುತ್ತದೆ. ಈ ಗ್ರಾಹಕದಲ್ಲಿ ಆಲ್ಫಾ-3 ಅಂತ ಒಂದು ಬಗೆ ಇದೆ. ಬೆನ್ನುಹುರಿಯಲ್ಲಿ ಅದು ಮುಖ್ಯವಾಗಿ ಸಿಗುವುದು ಈ ಮೇಲಿನ ಪದರಗಳಲ್ಲೇ. ಉರಿಯೂತ ಇದ್ದಾಗ ಬೆನ್ನುಹುರಿಯಲ್ಲಿ ಪ್ರೋಸ್ಟಗ್ಲಾಂಡಿನ್ ಇ2 ಎಂಬ ರಾಸಾಯನಿಕ ತಯಾರಾಗುತ್ತದೆ. ಅದು ಇಪಿ2 ಎಂಬ ಗ್ರಾಹಕಕ್ಕೆ ಕೂರುತ್ತದೆ, ಕೋಶದೊಳಗೆ ಪಿಕೆಎ ಎಂಬ ಕಿಣ್ವ ಏಳುತ್ತದೆ, ಅದು ಹೋಗಿ ಆಲ್ಫಾ-3ಕ್ಕೆ ರಂಜಕ ಅಂಟಿಸುತ್ತದೆ. ಎನ್‌ಎಂಡಿಎಗೆ ಅದೇ ಅಂಟು ಬಿದ್ದರೆ ಬಾಗಿಲು ಸಲೀಸು ಅಂತ ಡಾಕ್ಟರ್ ಹೇಳಿದರಲ್ಲ. ಇಲ್ಲಿ ಉಲ್ಟಾ, ಬಾಗಿಲು ಬಿಗಿ. ಬ್ರೇಕ್ ಹಿಡಿಯುವುದಿಲ್ಲ. 2004ರಲ್ಲಿ ಇದು ಬೆಳಕಿಗೆ ಬಂತು. ಆಲ್ಫಾ-3 ಇಲ್ಲದೆ ಹುಟ್ಟಿಸಿದ ಇಲಿಗಳಲ್ಲಿ ಉರಿಯೂತದಿಂದ ಬರುವ ಅತಿನೋವು ಕಡಿಮೆ ಇತ್ತು, ಉರಿಯೂತ ಕೆಡಿಸಲು ಅಲ್ಲಿ ಆ ಬ್ರೇಕೇ ಇರಲಿಲ್ಲ.

ಈಗ ಸೀರೆ ಅಂಚಿಗೆ ಬರೋಣ. ಸ್ಪರ್ಶ ತರುವ ದಪ್ಪ ನರಗಳಿಗೂ ನೋವಿನ ಕೋಶಗಳಿಗೂ ನಡುವೆ ಒಳದಾರಿ ಎಲ್ಲರಲ್ಲೂ ಇದೆ. ನಿಮ್ಮಲ್ಲೂ ಇದೆ, ನನ್ನಲ್ಲೂ ಇದೆ. ಆ ದಾರಿಗೆ ಗ್ಲೈಸಿನ್, ಗಾಬಾದ ಬೇಲಿ ಹಾಕಿರುವುದರಿಂದ ಬಟ್ಟೆ ತಾಗಿದ್ದು ಬಟ್ಟೆ ತಾಗಿದ ಹಾಗೇ ಅನ್ನಿಸುತ್ತದೆ. ಬೇಲಿ ಬಿದ್ದರೆ ಬಟ್ಟೆ ತಾಗಿದ ಸುದ್ದಿ ನೋವಿನ ದಾರಿಗೆ ನುಗ್ಗುತ್ತದೆ. ಅಮ್ಮ ಊಹಿಸಿಕೊಳ್ಳುತ್ತಿಲ್ಲ. ಬಟ್ಟೆಯ ಸುದ್ದಿ ಅವರ ಬೆನ್ನುಹುರಿಯಲ್ಲೇ ನೋವಾಗಿ ಬದಲಾಗಿ ಮೇಲಕ್ಕೆ ಹೋಗುತ್ತಿರಬಹುದು.

@ಸುಮ್ನೆಕೇಳ್ದೆ · ಶನಿವಾರ ರಾತ್ರಿ

ಬೈಕೋಬೇಡಿ. ಇದು "ಎಲ್ಲಾ ಮನಸ್ಸಿಂದು" ಅನ್ನೋದನ್ನೇ ದೊಡ್ಡ ಹೆಸರಿಟ್ಟು ಹೇಳಿದ ಹಾಗೆ ಅಲ್ವಾ? ಬೆನ್ನುಹುರಿಯಲ್ಲೇ ತೊಂದರೆ ಇದ್ದರೆ ಮಾಮೂಲಿ ನೋವಿನ ಮಾತ್ರೆ ಮೊದಮೊದಲು ಯಾಕೆ ಕೆಲಸ ಮಾಡುತ್ತೆ? ಮತ್ತೆ ಎಲ್ಲ ಇಲಿ ಕಥೆಯೇ. ಮನುಷ್ಯರದ್ದು ಏನಾದರೂ ಇದೆಯಾ?

@ಅರಿವಳಿಕೆ · ಶನಿವಾರ ರಾತ್ರಿ

ಬೈಯೋದೇನಿಲ್ಲ, ನಾನೂ ಇದನ್ನೇ ಕೇಳುತ್ತಿದ್ದೆ.

ಮಾತ್ರೆ ವಿಷಯ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯ ಮಾತ್ರೆಗಳು ತಡೆಯುವುದು ಪ್ರೋಸ್ಟಗ್ಲಾಂಡಿನ್ ತಯಾರಿಯನ್ನು. 1971ರಲ್ಲಿ ಜಾನ್ ವೇನ್ ಆಸ್ಪಿರಿನ್ ಕೆಲಸ ಮಾಡುವ ರೀತಿ ಹೀಗೆ ಅಂತ ತೋರಿಸಿದರು, 1982ರಲ್ಲಿ ನೊಬೆಲ್ ಬಂತು. ಬಹಳ ಕಾಲ ಎಲ್ಲರೂ ಇದು ಊದಿದ ಜಾಗದಲ್ಲಿ ಮಾತ್ರ ನಡೆಯುವ ಕೆಲಸ ಅಂದುಕೊಂಡಿದ್ದರು. 2001ರಲ್ಲಿ ವುಲ್ಫ್ ತಂಡವೇ ಇನ್ನೊಂದು ತೋರಿಸಿತು. ಇಲಿಯ ಪಾದ ಊದಿದರೆ ಪ್ರೋಸ್ಟಗ್ಲಾಂಡಿನ್ ತಯಾರಿಸುವ ಕಾಕ್ಸ್-2 ಕಿಣ್ವ ಬೆನ್ನುಹುರಿಯಲ್ಲೂ ಏರುತ್ತದೆ. ಏರಿಸುವುದು ಐಎಲ್-1 ಬೀಟಾ ಎಂಬ ಉರಿಯೂತದ ಪ್ರೋಟೀನು. ಹಾಗಾಗಿ ಮಾತ್ರೆ ಮೊದಲು ಎರಡೂ ಕಡೆ ಕೆಲಸ ಮಾಡುತ್ತದೆ. ಗ್ರಾಹಕಗಳ ಜಾಗವೇ ಅದಲುಬದಲಾಗಿ ಕೂತ ಮೇಲೆ ಬರೀ ಪ್ರೋಸ್ಟಗ್ಲಾಂಡಿನ್ ತಡೆದರೆ ಸಾಲುವುದಿಲ್ಲ. ಜನ ಆಗ ಏನು ಮಾಡುತ್ತಾರೆ? ಒಂದರ ಬದಲು ಎರಡು ನುಂಗುತ್ತಾರೆ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ತಂದುಕೊಂಡು ನನ್ನ ಹತ್ತಿರ ಬರುತ್ತಾರೆ.

ಮನುಷ್ಯರದ್ದು ಕೇಳಿದಿರಿ. ಸಂಧಿವಾತದ ರೋಗಿಗಳಿಗೆ ಟಿಎನ್‌ಎಫ್ ಎಂಬ ಉರಿಯೂತದ ಪ್ರೋಟೀನನ್ನು ಕಟ್ಟಿಹಾಕುವ ಔಷಧ ಕೊಡುತ್ತೇವೆ. ಜರ್ಮನಿಯ ಎರ್ಲಾಂಗೆನ್‌ನವರು ಔಷಧ ಕೊಟ್ಟು, ಬೆರಳಿನ ಕೀಲು ಒತ್ತುತ್ತಾ ಮೆದುಳಿನ ಸ್ಕ್ಯಾನ್ ಮಾಡಿದರು. 24 ಗಂಟೆಯೊಳಗೆ ಮೆದುಳಿನ ನೋವಿನ ಚಟುವಟಿಕೆ ಇಳಿದಿತ್ತು. ಕೀಲಿನ ಊತ ಇನ್ನೂ ಇಳಿದೇ ಇರಲಿಲ್ಲ. 2011ರ ಮಾತು. ಸ್ಕ್ಯಾನ್ ಬೆನ್ನುಹುರಿಯದಲ್ಲ, ಒಪ್ಪಿದೆ. ಆದರೆ ಊತ ಒಂದು ದಾರಿ, ನೋವು ಇನ್ನೊಂದು ದಾರಿ ಹಿಡಿಯಬಹುದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಬೇಕಿಲ್ಲ. ಹೇಮಾವತಿದಂಡೆ ಅವರ ಅಮ್ಮನ ಲೆಕ್ಕ ಉಲ್ಟಾ, ಅಷ್ಟೇ. ಅಲ್ಲಿ ನೋವು ಮೊದಲು ಇಳಿಯಿತು, ಇಲ್ಲಿ ಊತ ಮೊದಲು ಇಳಿಯಿತು.

"ಮನಸ್ಸಿನದು" ಅನ್ನುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಎತ್ತಂಗಡಿಯಾದ ಗ್ಲೂ-ಎ2ಗೆ ಯೋಚನೆ ಮಾಡಬೇಡ ಅಂದರೆ ಕೇಳುತ್ತದಾ?

@ಇಲಿಬೋನು · ಶನಿವಾರ ರಾತ್ರಿ

ಇಲಿ ಕಥೆ ಅಂತ ಅನುಮಾನ ಪಡುವುದು ಸರಿಯೇ. ನಮ್ಮ ಕ್ಷೇತ್ರಕ್ಕೆ ಒಂದು ಸಲ ಬಲವಾದ ಏಟು ಬಿದ್ದಿದೆ.

ಡಾಕ್ಟರ್ ಸಬ್‌ಸ್ಟೆನ್ಸ್ ಪಿ ಅಂದರಲ್ಲ, 1931ರಲ್ಲೇ ಸಿಕ್ಕಿದ ವಸ್ತು ಅದು. ಅದರ ಗ್ರಾಹಕ ಎನ್‌ಕೆ1. ಆರೋಗ್ಯವಾಗಿರುವ ಇಲಿಯ ಪಾದವನ್ನು ಬ್ರಷ್‌ನಲ್ಲಿ ಸವರಿದರೆ ಬೆನ್ನುಹುರಿಯ ಎನ್‌ಕೆ1 ಗ್ರಾಹಕ ಅಲ್ಲಾಡುವುದಿಲ್ಲ. ಪಾದ ಊದಿದ ಇಲಿಗೆ ಅದೇ ಬ್ರಷ್ ಸವರಿದರೆ ಗ್ರಾಹಕಗಳು ದಡದಡ ಕೋಶದೊಳಗೆ ಇಳಿಯುತ್ತವೆ. ಅಂದರೆ ಬ್ರಷ್‌ಗೂ ಸಬ್‌ಸ್ಟೆನ್ಸ್ ಪಿ ಸುರಿಯಿತು ಅಂತ. 1990ರ ದಶಕದಲ್ಲಿ ಈ ಚಿತ್ರಗಳನ್ನು ನೋಡಿದವರೆಲ್ಲ ಎನ್‌ಕೆ1 ಮುಚ್ಚಿಬಿಟ್ಟರೆ ನೋವಿನ ಕಥೆ ಮುಗೀತು ಅಂದುಕೊಂಡರು. ದೊಡ್ಡ ದೊಡ್ಡ ಕಂಪನಿಗಳು ಔಷಧ ಮಾಡಿದವು. ಪ್ರಾಣಿಗಳಲ್ಲಿ ಚೆನ್ನಾಗಿತ್ತು. ಮನುಷ್ಯರ ನೋವಿಗೆ ನಾಟಲೇ ಇಲ್ಲ. ಕೊನೆಗೆ ಅದರಲ್ಲೊಂದು, ಅಪ್ರೆಪಿಟೆಂಟ್, 2003ರಲ್ಲಿ ಕೀಮೋ ತೆಗೆದುಕೊಳ್ಳುವವರ ವಾಂತಿಗೆ ಔಷಧವಾಗಿ ಬಂತು. ನೋವಿಗೆ ಹೊರಟಿದ್ದು ವಾಂತಿ ನಿಲ್ಲಿಸಿತು.

ಒಂದು ಬಾಗಿಲು ಮುಚ್ಚಿದರೆ ಸುದ್ದಿ ಇನ್ನೊಂದು ಬಾಗಿಲಿನಿಂದ ಹೋಗುತ್ತದೆ. ಹಾಗಾಗಿ ಯಾರಾದರೂ "ಈ ಒಂದು ಗ್ರಾಹಕ" ಅಂತ ಜೋರಾಗಿ ಹೇಳಿದರೆ ನಾನು ಸ್ವಲ್ಪ ಹಿಂದೆ ಸರಿದು ಕೂರುತ್ತೇನೆ. ಆಲ್ಫಾ-3 ಬಗ್ಗೆ ನಾನೇ ಹೇಳಿದರೂ ಅಷ್ಟೇ.

@ಮೆಣಸಿನಮಂಡಿ · ಭಾನುವಾರ ಬೆಳಿಗ್ಗೆ

ನಾನು ಬ್ಯಾಡಗಿ ಕಡೆಯವನು. ಒಣಮೆಣಸಿನಕಾಯಿ ತೊಟ್ಟು ಬಿಡಿಸಿದ ದಿನ ರಾತ್ರಿ ಕೈ ಉರಿಯುತ್ತೆ. ನಮ್ಮದು ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ಗುಂಟೂರು ಬಿಡಿಸಿದವರ ಪಾಡು ಕೇಳಬೇಡಿ. ಉರಿ ಬೆರಳಲ್ಲಿ, ಆದರೆ ಮುಂಗೈವರೆಗೆ ಅಂಗಿ ತಾಗಿದರೂ ಆಗಲ್ಲ ಅಂತಾರೆ. ಇದೂ ಅದೇನಾ?

@ಅರಿವಳಿಕೆ · ಭಾನುವಾರ ಬೆಳಿಗ್ಗೆ

ಅಣ್ಣಾ, ನೀವು ಮಂಡಿಯಲ್ಲಿ ಕೂತು ನೋಡಿದ್ದನ್ನೇ ಲ್ಯಾಬ್‌ನಲ್ಲಿ ಮನುಷ್ಯರ ಮೇಲೆ ಮಾಡಿ ನೋಡಿದ್ದಾರೆ. ಮೆಣಸಿನಕಾಯಿಯ ಖಾರ, ಕ್ಯಾಪ್ಸೈಸಿನ್, ಅದನ್ನು ಮುಂಗೈ ಚರ್ಮದೊಳಗೆ ಒಂದು ಹನಿ ಚುಚ್ಚುವುದು. ಖಾರ ಹಿಡಿಯುವ ಗ್ರಾಹಕ ಟಿಆರ್‌ಪಿವಿ1. 1997ರಲ್ಲಿ ಅದನ್ನು ಗುರುತಿಸಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಸುಮಾರು 43 ಡಿಗ್ರಿ ಬಿಸಿಗೆ ತೆರೆಯುವ ಬಾಗಿಲೂ ಅದೇ. ಅದಕ್ಕೇ ಖಾರ "ಉರಿ"ಯುತ್ತದೆ. ಕನ್ನಡದಲ್ಲಿ ನಾವು ಮೊದಲಿಂದಲೂ ಸರಿಯಾಗೇ ಹೇಳುತ್ತಿದ್ದೇವೆ.

ಚುಚ್ಚಿದ ಜಾಗದಲ್ಲಿ ಉರಿ ಸರಿ. ಆದರೆ ಸುತ್ತ, ಖಾರ ಮುಟ್ಟದ ಚರ್ಮದಲ್ಲೂ ಹತ್ತಿ ಸವರಿದರೆ ನೋಯುತ್ತದೆ. ಆ ನೋವನ್ನು ತರುತ್ತಿರುವುದು ಸ್ಪರ್ಶದ ದಪ್ಪ ನರ. ಚರ್ಮದಲ್ಲಿ ಅಲ್ಲ, ಬೆನ್ನುಹುರಿಯಲ್ಲಿ ಲೆಕ್ಕ ತಪ್ಪಿದ್ದು. ನಿಮ್ಮದು ಬೆಳಗಾಗುವುದರೊಳಗೆ ಸರಿಹೋಗುತ್ತದೆ. ಉರಿಯೂತ ವಾರಗಟ್ಟಲೆ ಇದ್ದರೆ ಕೆಲವರಲ್ಲಿ ಅದು ಬೇಗ ಸರಿಹೋಗುವುದಿಲ್ಲ.

@ಹೇಮಾವತಿದಂಡೆ ಅವರೇ, ಈ ಹತ್ತಿ ಸವರುವ ಪರೀಕ್ಷೆ ಮಾತ್ರ ಮನೆಯಲ್ಲೇ ಮಾಡಿ. ಹತ್ತಿಯ ಎಳೆ ತಗೊಂಡು ಮಂಡಿಯಿಂದ ಕೆಳಕ್ಕೆ ಮೆಲ್ಲಗೆ ಸವರುತ್ತಾ ಬನ್ನಿ. ಎಲ್ಲಿ "ಹತ್ತಿ" ಅನ್ನುವುದು ನಿಂತು "ನೋವು" ಶುರುವಾಗುತ್ತದೋ ಅಲ್ಲೊಂದು ಗುರುತು ಹಾಕಿ. ಕಾಲಿನ ಸುತ್ತಲೂ ಹಾಗೆ ಮಾಡಿ.

ಇನ್ನೊಂದು ಮುಖ್ಯ ಮಾತು. ನಾನು ಕಾಲು ಮುಟ್ಟಿ ನೋಡಿಲ್ಲ. ಸಿಆರ್‌ಪಿ ನಾರ್ಮಲ್ ಅಂದ ಮಾತ್ರಕ್ಕೆ ಕೀಲಿನೊಳಗೆ ಉರಿಯೂತ ಪೂರ್ತಿ ಹೋಗಿದೆ ಅಂತಲ್ಲ. ಚಿಕುನ್‌ಗುನ್ಯಾದಲ್ಲಿ ಅದು ತಿಂಗಳುಗಟ್ಟಲೆ ಉಳಿಯುವುದೂ ಉಂಟು. ಸಂಧಿವಾತದ ತಜ್ಞರು ಅಲ್ಟ್ರಾಸೌಂಡ್ ಮಾಡಿ ನೋಡಲಿ. ಸಕ್ಕರೆ, ಬಿ12 ಪರೀಕ್ಷೆ ಮಾಡಿಸಿ, ಸಕ್ಕರೆ ಕಾಯಿಲೆಯ ಕಾಲುರಿಯೂ ಹೀಗೇ ಇರುತ್ತದೆ. ಅದೆಲ್ಲ ಇಲ್ಲ ಅಂದರೆ ನೋವಿನ ಕ್ಲಿನಿಕ್. ಡುಲೊಕ್ಸೆಟಿನ್, ಗ್ಯಾಬಪೆಂಟಿನ್ ತರಹದ, ನರದ ಮಟ್ಟದಲ್ಲಿ ಕೆಲಸ ಮಾಡುವ ಔಷಧಗಳಿವೆ. ಎಲ್ಲರಿಗೂ ಹೊಂದುವುದಿಲ್ಲ. ದಯವಿಟ್ಟು ಪಕ್ಕದ ಮನೆಯವರ ಚೀಟಿ ನೋಡಿ ಶುರು ಮಾಡಬೇಡಿ.

@ಕೈಕಾಲುಕಸರತ್ತು · ಭಾನುವಾರ ಮಧ್ಯಾಹ್ನ

ಫಿಸಿಯೋಥೆರಪಿಸ್ಟ್ ಆಗಿ ಒಂದೇ ಸಾಲು. ನೋವು ಅಂತ ಕಾಲು ಪೂರ್ತಿ ಆಡಿಸದೇ ಇರಬೇಡಿ ಅಕ್ಕ. ಬೆಚ್ಚಗಿನ ನೀರಿನ ಬಕೆಟ್‌ನಲ್ಲಿ ಪಾದ ಇಟ್ಟು ನಿಧಾನಕ್ಕೆ ಮೇಲೆ ಕೆಳಗೆ, ದಿನಕ್ಕೆ ಐದೈದು ನಿಮಿಷದಿಂದ ಶುರು ಮಾಡಿಸಿ. ಮಾರನೇ ದಿನ ನೋವು ತುಂಬಾ ಏರಿದರೆ ಅರ್ಧಕ್ಕೆ ಇಳಿಸಿ, ಬಿಡಬೇಡಿ.

@ಹೇಮಾವತಿದಂಡೆ · ಭಾನುವಾರ ರಾತ್ರಿ

ಎಲ್ಲರಿಗೂ ಏನು ಹೇಳಬೇಕೋ ಗೊತ್ತಾಗ್ತಿಲ್ಲ. ಅಮ್ಮನಿಗೆ ಎಲ್ಲ ಓದಿ ಹೇಳಿದೆ. ಗ್ಲೂ-ಎ2 ಅರ್ಥ ಆಗಲಿಲ್ಲ. ತೂಬಿನ ಬಿರಡೆ ಅರ್ಥ ಆಯ್ತು, ಬೇಲಿ ಬಿದ್ದಿದ್ದು ತುಂಬಾ ಚೆನ್ನಾಗಿ ಅರ್ಥ ಆಯ್ತು.

ದೇವರ ಮನೆಯಿಂದ ಬತ್ತಿ ಹೊಸೆಯುವ ಹತ್ತಿ ತಂದು ಸವರಿದೆ. ಕುಂಕುಮದಲ್ಲಿ ಗುರುತು ಹಾಕ್ತಾ ಹೋದೆ. ಎಡಗಾಲಲ್ಲಿ ಗಿಣ್ಣಿನಿಂದ ಮೇಲಕ್ಕೆ ಒಂದು ಗೇಣಿನ ಹತ್ತಿರ ಬಂತು. ಬಲಗಾಲಲ್ಲಿ ನಾಲ್ಕು ಬೆರಳು ಅಷ್ಟೇ. ಅಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಎರಡನೇ ಸಲ ಸವರಿದಾಗಲೂ ಗೆರೆ ಹೆಚ್ಚುಕಡಿಮೆ ಅಲ್ಲೇ ಬಿತ್ತು.

ಆಮೇಲೆ ಒದ್ದೆ ಬಟ್ಟೆ ತಂದು ಒರೆಸೋಕೆ ಹೋದೆ. ಕಾಲು ಎಳ್ಕೊಂಡಳು. ನೋವಾಯ್ತೇನೋ ಅಂದ್ಕೊಂಡೆ. "ಅಳಿಸ್ಬೇಡ ಕಣೇ. ಹಂಗೇ ಇರ್ಲಿ, ಡಾಕ್ಟ್ರಿಗೆ ತೋರ್ಸಣ" ಅಂದಳು.

@ಅರಿವಳಿಕೆ · ಭಾನುವಾರ ರಾತ್ರಿ

ಕುಂಕುಮ ಸ್ನಾನಕ್ಕೆ ಹೋಗುತ್ತೆ. ಅದರ ಮೇಲೇ ಬಾಲ್ ಪೆನ್ನಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ತಾರೀಖು ಬರೆದಿಡಿ. ಮುಂದಿನ ತಿಂಗಳು ಮತ್ತೆ ಅಳೆಯಬೇಕು.